ದಿವಾಡಿಯ ಉಪ್ಪು ಹಿತ್ತಲು

ಗೋವಾದ ದಿವಾಡಿ ದ್ವೀಪದಿಂದ ಓದುಗರೊಬ್ಬರು ಬರೆದಿದ್ದಾರೆ. ಅವರ ಊರು ಬಾಗಲಕೋಟೆ ಕಡೆ. ಈಗ ಮನೆ ಖಾಜನ ಗದ್ದೆಯ, ಅಂದರೆ ಕಟ್ಟೆ ಕಟ್ಟಿ ಹೊಳೆಯ ಉಪ್ಪುನೀರು ತಡೆದ ತಗ್ಗು ಗದ್ದೆಯ, ಅಂಚಿನಲ್ಲಿದೆ. ನಮ್ಮ ಪತ್ರಿಕೆಯ ಕೈತೋಟದ ಲೇಖನ ಓದಿ ಈರುಳ್ಳಿ, ಬೀನ್ಸ್, ಬದನೆ ಹಾಕಿದರು. ದಿನಾ ನೀರುಣಿಸಿದರು, ಕೋಳಿಗೊಬ್ಬರ ಕೊಟ್ಟರು. ಎಲೆಯ ಅಂಚು ಸುಟ್ಟು ಎಲ್ಲ ಹೋಯಿತು. "ಬಾವಿ ನೀರು ದೀಪಾವಳಿಗೆ ಸಿಹಿ, ಶಿವರಾತ್ರಿಗೆ ಉಪ್ಪು. ಜಿಪ್ಸಂ ಹಾಕು ಅಂತ ಮೈದುನ ಹೇಳ್ತಾನೆ. ಹಿತ್ತಲಿಂದ ಮನೆಗೆ ನಾಲ್ಕು ಕಾಸು ಬರೋ ದಾರಿ ಇಲ್ವಾ?" ಅನ್ನುವುದು ಅವರ ಪ್ರಶ್ನೆ.

ಅಕ್ಕಾವರಿಗೆ ನಮಸ್ಕಾರ.

ತಪ್ಪು ನಮ್ಮದು. ಆ ಲೇಖನ ಬಯಲುಸೀಮೆಯ ಹಿತ್ತಲಿಗೆ ಬರೆದದ್ದು. ಅದನ್ನು ಯೋಚಿಸದೆ ಗೋವಾದ ಓದುಗರಿಗೂ ಅಚ್ಚು ಹಾಕಿದವನು ನಾನು. ನಿಮ್ಮ ಬೀಜದ ದುಡ್ಡು ಹೋಯಿತು, ಬೇಜಾರಾಗಿದೆ.

ಜಿಪ್ಸಂ ವಿಷಯ ಬೇಗ ಮುಗಿಸುತ್ತೇನೆ. ನಿಮ್ಮೂರ ಕಡೆ ಕಾಲುವೆ ನೀರು ಜಾಸ್ತಿಯಾಗಿ ಸವಳು ಹಿಡಿದ ಎರೆಮಣ್ಣು ನಿಮಗೆ ಗೊತ್ತಲ್ಲ. ಅಲ್ಲಿ ಕೆಲವು ಹೊಲಗಳಲ್ಲಿ ಸೋಡಿಯಂ ಮಣ್ಣಿಗೇ ಅಂಟಿಕೊಂಡು ನೀರು ಇಂಗದಂತೆ ಮಾಡುತ್ತದೆ. ಅದನ್ನು ಬಿಡಿಸಲು ಜಿಪ್ಸಂ ಬೇಕು. ನಿಮ್ಮ ಹಿತ್ತಲಲ್ಲಿ ಇರುವುದು ಸಮುದ್ರದ ಉಪ್ಪು, ಬಹುಪಾಲು ನೀರಲ್ಲಿ ಕರಗಿದ್ದು. ಅದನ್ನು ತೊಳೆಯಬೇಕು, ಅಷ್ಟೇ. ಮೈದುನನ ಮಾತು ಅವರ ಹೊಲಕ್ಕೆ ಸರಿ.

ಬಾವಿಯ ಬಗ್ಗೆ ನೀವು ಬರೆದ ಆ ಒಂದು ಸಾಲನ್ನು ನಾನು ಎರಡು ಸಲ ಓದಿದೆ. ಎಲ್ಲ ಅದರಲ್ಲೇ ಇದೆ. ಮಳೆಯ ಸಿಹಿನೀರು ಹಗುರ, ಉಪ್ಪುನೀರು ಭಾರ. ಹಾಗಾಗಿ ನೆಲದೊಳಗೆ ಸಿಹಿನೀರು ಉಪ್ಪುನೀರಿನ ಮೇಲೆ ತೇಲುತ್ತಾ ಕೂತಿರುತ್ತದೆ. ಒಂದು ಅಂದಾಜು ಲೆಕ್ಕವಿದೆ: ಸಮುದ್ರದ ಮಟ್ಟಕ್ಕಿಂತ 1 ಅಡಿ ಮೇಲೆ ಸಿಹಿನೀರು ನಿಂತರೆ, ಕೆಳಗೆ ಸುಮಾರು 40 ಅಡಿ ಸಿಹಿನೀರಿರುತ್ತದೆ. ಈ ಲೆಕ್ಕ ತಿರುಗಿಸಿ ನೋಡಿ. ಮೋಟರ್ ಹಾಕಿ ಮೇಲಿನ 1 ಅಡಿ ಎಳೆದುಬಿಟ್ಟರೆ ಕೆಳಗಿನ ಉಪ್ಪು ಎಷ್ಟು ಮೇಲೆ ಬರುತ್ತದೆ! ಬಾವಿ ಆಳ ಮಾಡಿಸುವ ಯೋಚನೆಯಿದೆ ಅಂತಲೂ ಬರೆದಿದ್ದೀರಿ. ದಯವಿಟ್ಟು ಬೇಡ. ಕೊಡದಲ್ಲಿ ಸೇದಿ, ಸ್ವಲ್ಪ ಸ್ವಲ್ಪ. ಮಳೆಗಾಲದಲ್ಲಿ ಮಾಡಿನ ನೀರನ್ನು ಮರಳು, ಇದ್ದಿಲಿನ ಮೂಲಕ ಸೋಸಿ ಬಾವಿಗೇ ಬಿಡಿ. ಇಲ್ಲಿ ವರ್ಷಕ್ಕೆ ಸುಮಾರು 3,000 ಮಿಲಿಮೀಟರ್ ಮಳೆ. 20 ಅಡಿ ಉದ್ದ, 10 ಅಡಿ ಅಗಲದ ಮಾಡಿನ ಮೇಲೆ 50 ಸಾವಿರ ಲೀಟರಿಗೂ ಜಾಸ್ತಿ ನೀರು ಬೀಳುತ್ತದೆ. ಸುಮ್ನೆ ಮಾಂಡವಿ ಹೊಳೆಗೆ ಹೋಗುತ್ತಿದೆ.

ಬೇಸಿಗೆಯಲ್ಲಿ ಆ ಬಾವಿಯ ನೀರು ಗಿಡಕ್ಕೆ ಹಾಕಲೇಬೇಡಿ. ನೀರು ಆವಿಯಾಗುತ್ತದೆ, ಉಪ್ಪು ಉಳಿಯುತ್ತದೆ. ದಿನಾ ನೀರು ಹಾಕಿ ನೀವು ದಿನಾ ಉಪ್ಪು ಹಾಕಿದಿರಿ. ಕೋಳಿಗೊಬ್ಬರದಲ್ಲೂ ಉಪ್ಪಿನಂಶ ಜಾಸ್ತಿ. ಹಸಿಯಾಗಿ ಹಾಕಿದರೆ ಗಾಯಕ್ಕೆ ಬರೆ. ಸೊಪ್ಪು ಸದೆ ಜೊತೆ ಕೊಳೆಸಿ, ಒಂದು ಮಳೆಗಾಲ ತೋಯಿಸಿ ಬಳಸಿ.

ಇನ್ನು ನಿಮ್ಮ ಪಂಚಾಂಗ ಬದಲಾಗಬೇಕು. ಮೇ ಕೊನೆಗೆ ಮಣ್ಣು ಅಗೆದು ಎತ್ತರದ ಮಡಿ ಮಾಡಿ, ಪಕ್ಕದಲ್ಲಿ ನೀರು ಹರಿದುಹೋಗಲು ಚರಂಡಿ ತೆಗೆಯಿರಿ. ಮೊದಲ ಮಳೆಗಳು ಉಪ್ಪನ್ನು ತೊಳೆಯಲಿ. ಆಮೇಲೆ ಹರಿವೆ, ಬಸಳೆ. ಮಳೆ ಇಳಿದ ಮೇಲೆ ಬದನೆ, ಪಾಲಕ್, ಬೀಟ್‌ರೂಟ್. ಬದನೆಗೆ ಊರಿನ ಬೀಜ ಬೇಡ, ಇಲ್ಲಿಯದೇ ತನ್ನಿ. ಜುವಾರಿ ಹೊಳೆ ದಂಡೆಯ ಆಗಶಿ ಊರಿನ ಬದನೆ ಇಲ್ಲಿನ ಸಂತೆಗಳಲ್ಲಿ ಹೆಸರುವಾಸಿ. ಸಸಿಯನ್ನು ಮಡಿಯ ನೆತ್ತಿಯಲ್ಲಿ ನೆಡಬೇಡಿ, ಉಪ್ಪು ಬಂದು ಸೇರುವುದು ಅಲ್ಲೇ. ಇಳಿಜಾರಲ್ಲಿ ನೆಡಿ. ಜನವರಿ ಮುಗಿದರೆ ತೋಟ ಮುಗಿಯಿತು. ತೆಂಗಿನ ಗರಿ, ಹುಲ್ಲು ಹೊದಿಸಿ ನೆಲ ಮುಚ್ಚಿಬಿಡಿ. ಬಿಸಿಲಿಗೆ ಬಿಟ್ಟರೆ ಉಪ್ಪು ಮೇಲೇರುತ್ತದೆ.

ನೀವು ಹಾಕಿದ ಬೀನ್ಸ್ ಇದೆಯಲ್ಲ, ಉಪ್ಪು ಕಂಡರೆ ಮೊದಲು ಮಲಗುವ ಗಿಡ ಅದು. ಮಣ್ಣಿನ ರಸ ತೆಗೆದು ಅಳೆಯುವ ಇ.ಸಿ. (ಉಪ್ಪು ಎಷ್ಟಿದೆ ಅಂತ ಹೇಳುವ ಅಳತೆ) ಲೆಕ್ಕದಲ್ಲಿ 1 ದಾಟಿದರೆ ಬೀನ್ಸ್ ಇಳುವರಿ ಇಳಿಯುತ್ತದೆ. ಈರುಳ್ಳಿಗೆ 1.2, ಪಾಲಕ್‌ಗೆ 2, ಬೀಟ್‌ರೂಟ್‌ಗೆ 4. ನಿಮಗೆ ಅನುಕೂಲವೂ ಇದೆ: ಫೆರಿ ದಾಟಿದರೆ ಹಳೆ ಗೋವಾ, ಅಲ್ಲೇ ಎಲಾದಲ್ಲಿ ಕೇಂದ್ರ ಕರಾವಳಿ ಕೃಷಿ ಸಂಶೋಧನಾ ಸಂಸ್ಥೆ. ಮಣ್ಣು, ನೀರು ಎರಡರ ಪರೀಕ್ಷೆಯ ಬಗ್ಗೆ ವಿಚಾರಿಸಿ. ಯಾವ ವಿಧಾನದಲ್ಲಿ ಅಳೆದರು ಅಂತಲೂ ಕೇಳಿ, ವಿಧಾನ ಬೇರೆಯಾದರೆ ಅಂಕಿ ಬೇರೆ.

"ಗದ್ದೆ ನಮ್ಮದಲ್ಲ, ಕಟ್ಟೆ ಒಡೆದರೆ ನಮಗೇನು" ಅಂದಿದ್ದೀರಿ. ಇದನ್ನು ಮಾತ್ರ ನಾನು ಒಪ್ಪುವುದಿಲ್ಲ. ನಾನು ಬೆಳೆದದ್ದು ಕುಮಟಾ ಕಡೆ, ಅಘನಾಶಿನಿ ದಂಡೆಯಲ್ಲಿ. ಅಲ್ಲಿ ಖಾಜನಕ್ಕೆ ಗಜನಿ ಅಂತಾರೆ. ಇಲ್ಲಿ ಕೊರಗುಟ ಭತ್ತ, ಅಲ್ಲಿ ಕಗ್ಗ. ಎರಡೂ ಉಪ್ಪು ತಡೆಯುವ ತಳಿ. ಒಂದು ವರ್ಷ ಕಟ್ಟೆ ಒಡೆದಾಗ ಗದ್ದೆಯಷ್ಟೇ ಅಲ್ಲ, ಅದರಾಚೆಯ ನಮ್ಮ ಮನೆ ಬಾವಿಯೂ ಕೆಟ್ಟಿತು. ಇಲ್ಲಿ ಕಟ್ಟೆಗೆ ಮಾನಸ ಅನ್ನುವ ತೂಬು ಇರುತ್ತದೆ. ಭರತಕ್ಕೆ ಅದರ ಮರದ ಬಾಗಿಲು ತಾನೇ ಮುಚ್ಚುತ್ತದೆ, ಇಳಿತಕ್ಕೆ ತಾನೇ ತೆರೆಯುತ್ತದೆ. ಮೀನಿನ ಆಸೆಗೆ ಭರತದಲ್ಲೂ ತೆರೆದಿಡುತ್ತಾರೆ ಅನ್ನುವ ದೂರು ಗೋವಾದಲ್ಲಿ ಹಳೆಯದು. ಬಾಗಿಲು ಸೋರುತ್ತಿದ್ದರೆ ನೆರೆಯವರ ಜೊತೆ ಸೇರಿ ಕಟ್ಟೆ ನೋಡಿಕೊಳ್ಳುವ ಗೇಣಿದಾರರ ಸಂಘದವರಿಗೆ ಹೇಳಿ. ಆ ಬಾಗಿಲು ನಿಮ್ಮ ಬದನೆಯನ್ನೂ ಕಾಯುತ್ತಿದೆ.

ಕಾಸಿನ ಮಾತಿಗೆ ಬರೋಣ. ಸುಳ್ಳು ಆಸೆ ಹುಟ್ಟಿಸುವುದಿಲ್ಲ. ಹಿತ್ತಲಿನ ತರಕಾರಿ ಮನೆಯ ಸಂತೆ ಖರ್ಚು ತಗ್ಗಿಸಬಹುದು, ಸಂಪಾದನೆ ಅಂತ ಆಗುವುದು ಕಷ್ಟ. ದುಡ್ಡು ತರಬಹುದಾದದ್ದು ನಿಮ್ಮ ಆರು ಕೋಳಿ. ಗಾಂವ್ಠಿ (ನಾಟಿ) ಮೊಟ್ಟೆಗೆ ಇಲ್ಲಿ ಒಳ್ಳೆ ಗಿರಾಕಿ ಇದೆ. ಮಾಪ್ಸಾದ ಶುಕ್ರವಾರದ ಸಂತೆಗೆ ಹೋಗಿ ಒಮ್ಮೆ ಬೆಲೆ ಕೇಳಿ ಬನ್ನಿ. ಕುಡಿಯಲು ಮಾತ್ರ ಕೋಳಿಗೂ ಸಿಹಿನೀರೇ ಇಡಿ. ಬೇಲಿ ಬದಿಗೆ ಎರಡು ತೆಂಗು, ಒಂದು ಚಿಕ್ಕು ನೆಡಿ, ಎರಡೂ ಉಪ್ಪು ತಾಳುತ್ತವೆ. ಫಲಕ್ಕೆ ಕೆಲವು ವರ್ಷ ಕಾಯಬೇಕು.

ಈರುಳ್ಳಿ ಮಾತ್ರ ಊರಿಂದಲೇ ತರಿಸಿಕೊಳ್ಳಿ.

— ಸಂಪಾದಕ