ಕಾಲ್ಕ್‌ವಾಸರ್ ರಿಯಾಕ್ಟರಿಗೆ ಮೂರು ತಿಂಗಳ ಸುಣ್ಣವನ್ನು ಒಮ್ಮೆಲೇ ತುಂಬಿಡಬಹುದೇ?

ತುಂಬಬೇಡಿ. ಹವಳ ಸಾಕುವ ಉಪ್ಪುನೀರಿನ ತೊಟ್ಟಿಗೆ ಸುಣ್ಣದ ತಿಳಿನೀರು, ಅಂದರೆ ಕಾಲ್ಕ್‌ವಾಸರ್, ತಯಾರಿಸಿಕೊಡುವ ಪಾತ್ರೆಯೇ ಈ ರಿಯಾಕ್ಟರ್. ತಿಂಗಳಿಗೊಮ್ಮೆ ಬೇಸ್‌ಮೆಂಟಿಗೆ ಇಳಿದು ರಿಯಾಕ್ಟರ್ ಬಿಚ್ಚಿ ತೊಳೆಯುವುದು ಬೇಸರವಾಗಿದೆ, ಆದ್ದರಿಂದ ದೊಡ್ಡ ರಿಯಾಕ್ಟರ್ ಕೊಂಡು ಅರ್ಧ ಕಿಲೋಗೂ ಹೆಚ್ಚು ಸುಣ್ಣ ತುಂಬಿಬಿಟ್ಟರೆ ಚಳಿಗಾಲವಿಡೀ ಅದರ ಚಿಂತೆ ಇರುವುದಿಲ್ಲವಲ್ಲ ಎಂಬುದು ನಿಮ್ಮ ಲೆಕ್ಕ. ನೀವು ಶಿಕಾಗೋದಲ್ಲಿ, ನಾನು ಡೆಟ್ರಾಯ್ಟಿನ ಪಕ್ಕದಲ್ಲಿ; ಚಳಿಯೂ ಅದೇ, ಮುಚ್ಚಿದ ಕಿಟಕಿಗಳೂ ಅವೇ, ತೊಟ್ಟಿಯ ಗಾತ್ರವೂ ಹೆಚ್ಚುಕಡಿಮೆ ಅದೇ ಮುನ್ನೂರು ಲೀಟರ್. ಆ ಲೆಕ್ಕವನ್ನು ನಾನೂ ಹಾಕಿದ್ದೆ.

ಕಿಟಕಿ ತೆರೆಯದ ಮನೆಯಲ್ಲಿ ನಾವು ಬಿಡುವ ಉಸಿರಿನ ಇಂಗಾಲದ ಡೈಆಕ್ಸೈಡ್ ತೊಟ್ಟಿಯ ನೀರಿಗೂ ಇಳಿಯುತ್ತದೆ. ನನ್ನ ತೊಟ್ಟಿಯ ಪಿಎಚ್ ಜನವರಿಯಲ್ಲಿ 7.8ರ ಮೇಲೆ ಏಳುತ್ತಲೇ ಇರಲಿಲ್ಲ, ಅಕ್ರೋಪೋರಾ ಹವಳಗಳು ಬೆಳೆಯದೆ ನಿಂತಿದ್ದವು. ಸುಣ್ಣದ ತಿಳಿನೀರು ಕ್ಯಾಲ್ಸಿಯಂ ಮತ್ತು ಆಲ್ಕಲಿನಿಟಿ (ಆಮ್ಲವನ್ನು ತಡೆದುಕೊಳ್ಳುವ ನೀರಿನ ಶಕ್ತಿ) ಎರಡನ್ನೂ ಹವಳಕ್ಕೆ ಬೇಕಾದ ಪ್ರಮಾಣದಲ್ಲಿಯೇ ಕೊಡುತ್ತದೆ, ಜೊತೆಗೆ ಪಿಎಚ್ ಕೂಡ ಏರಿಸುತ್ತದೆ. ಆದ್ದರಿಂದ ತಳದಲ್ಲಿ ಕಾಂತದ ಸ್ಟಿರರ್ ಇರುವ ಐದು ಲೀಟರಿನ ರಿಯಾಕ್ಟರ್ ಕೊಂಡೆ. ಅದನ್ನು, ಆವಿಯಾದ ನೀರನ್ನು ತಾನಾಗಿಯೇ ತುಂಬುವ ಆಟೋ ಟಾಪ್-ಆಫ್ ಪಂಪಿಗೆ ಜೋಡಿಸಿದೆ. ತೊಟ್ಟಿಯಿಂದ ನೀರು ಆವಿಯಾದಂತೆಲ್ಲ ಆರ್‌ಓ ನೀರು ರಿಯಾಕ್ಟರಿನ ತಳಕ್ಕೆ ಹೋಗುತ್ತಿತ್ತು, ಮೇಲಿನಿಂದ ಅಷ್ಟೇ ತಿಳಿನೀರು ಸಂಪಿಗೆ, ಅಂದರೆ ತೊಟ್ಟಿಯ ಜೊತೆಗಿರುವ ಉಪತೊಟ್ಟಿಗೆ, ಇಳಿಯುತ್ತಿತ್ತು. ಬಹಳ ದಿನ ಎಲ್ಲವೂ ಸರಿಯಾಗಿಯೇ ನಡೆಯಿತು.

ಕೆಟ್ಟದ್ದು ಒಂದು ಭಾನುವಾರ ಸಂಜೆ, ಸುಣ್ಣ ಮುಗಿದಾಗ ಅಲ್ಲ, ತುಂಬಿದಾಗ. ಇಳಿದದ್ದಕ್ಕೆ ಎರಡೂ ಕೆಲಸ ಮುಗಿಯಲಿ ಎಂದು ನೀರು ಬದಲಿಸುವುದನ್ನೂ ರಿಯಾಕ್ಟರ್ ತುಂಬುವುದನ್ನೂ ಒಟ್ಟಿಗೆ ಇಟ್ಟುಕೊಂಡೆ. ಎಲ್ಲ ಪಂಪುಗಳೂ ಒಂದೇ ಪವರ್ ಸ್ಟ್ರಿಪ್ಪಿನಲ್ಲಿದ್ದವು, ಅದನ್ನು ಆರಿಸಿದೆ. ಹಳೆಯ ನೀರು ತೆಗೆದು ಹೊಸ ಉಪ್ಪುನೀರು ಹಾಕಿದೆ, ಆದರೆ ತೆಗೆದದ್ದಕ್ಕಿಂತ ಹಾಕಿದ್ದು ಒಂದೆರಡು ಲೀಟರ್ ಕಡಿಮೆ. ಅಷ್ಟು ವ್ಯತ್ಯಾಸವನ್ನು ಟಾಪ್-ಆಫ್ ಸರಿಮಾಡಿಕೊಳ್ಳುತ್ತದೆ ಎಂಬುದು ನನ್ನ ಹಳೆಯ ರೂಢಿ. ನಂತರ ರಿಯಾಕ್ಟರಿನ ಮುಚ್ಚಳ ತೆಗೆದು ಮೂರು ತಿಂಗಳಿಗಾಗುವಷ್ಟು ಸುಣ್ಣದ ಪುಡಿ ಸುರಿದೆ, ಗಂಟಾಗದಿರಲಿ ಎಂದು ಸ್ಟಿರರನ್ನು ಕೈಯಾರೆ ಓಡಿಸಿ ಚೆನ್ನಾಗಿ ಕಲಕಿದೆ, ಮುಚ್ಚಳ ಬಿಗಿದೆ. ಕೊನೆಗೆ ಸ್ಟ್ರಿಪ್ಪಿನ ಸ್ವಿಚ್ ಹಾಕಿ ಕೈ ತೊಳೆಯಲು ಮೇಲೆ ಹೋದೆ.

ಈ ಅನುಕ್ರಮದಲ್ಲಿ ಪ್ರತಿಯೊಂದು ಹೆಜ್ಜೆಯೂ ಬಿಡಿಯಾಗಿ ನೋಡಿದರೆ ನಿರಪಾಯವಾದದ್ದು, ಅದಕ್ಕಾಗಿಯೇ ಇದನ್ನು ಇಷ್ಟು ಬಿಡಿಸಿ ಹೇಳುತ್ತಿದ್ದೇನೆ. ರಿಯಾಕ್ಟರಿನಿಂದ ತೊಟ್ಟಿಗೆ ಹೋಗಬೇಕಾದದ್ದು ಮೇಲೆ ನಿಂತ ತಿಳಿನೀರು ಮಾತ್ರ. ಪೂರ್ತಿ ಸುಣ್ಣ ಹಿಡಿದ ತಿಳಿನೀರಿನ ಪಿಎಚ್ ಸುಮಾರು 12.4, ಆದರೂ ಅದರ ಒಂದು ಲೀಟರಿನಲ್ಲಿ ಕರಗಿರುವ ಸುಣ್ಣ ಸುಮಾರು 1.6 ಗ್ರಾಂ ಅಷ್ಟೇ, ಅದಕ್ಕಿಂತ ಹೆಚ್ಚು ಕರಗುವುದಿಲ್ಲ. ಈ ಮಿತಿಯೇ ನಮ್ಮನ್ನು ಕಾಯುವ ದೊಡ್ಡ ಬೇಲಿ: ಮುನ್ನೂರು ಲೀಟರಿನ ತೊಟ್ಟಿಗೆ ಒಂದು ಲೀಟರ್ ತಿಳಿನೀರು ತಪ್ಪಿ ಹೋದರೂ ಆಲ್ಕಲಿನಿಟಿ 0.4 ಡಿಕೆಎಚ್ (ಆಲ್ಕಲಿನಿಟಿಯ ಅಳತೆಮಾನ) ಆಸುಪಾಸು ಏರೀತು, ಹವಳಕ್ಕೆ ಅದು ಲೆಕ್ಕಕ್ಕೇ ಬಾರದು. ಆದರೆ ಆಗತಾನೆ ಕಲಕಿದ ರಿಯಾಕ್ಟರಿನಲ್ಲಿ ತಳದಿಂದ ಮುಚ್ಚಳದವರೆಗೆ ತೇಲುತ್ತಿರುವುದು ಕರಗದ ಪುಡಿ. ನನ್ನ ಐದು ಲೀಟರಿನಲ್ಲಿ ಆ ಹೊತ್ತಿಗೆ ತೇಲುತ್ತಿದ್ದುದು ಲೀಟರಿಗೆ ಇಪ್ಪತ್ತೈದು ಗ್ರಾಮಿಗೆ ಕಡಿಮೆಯಿರಲಿಲ್ಲ ಎಂದು ಆಮೇಲೆ ಲೆಕ್ಕ ಹಾಕಿದೆ. ಸಂಪಿನ ಮಟ್ಟ ಸೆನ್ಸರಿಗಿಂತ ಕೆಳಗೆ ಇದ್ದುದರಿಂದ, ಸ್ವಿಚ್ ಹಾಕಿದ ಕ್ಷಣವೇ ಟಾಪ್-ಆಫ್ ಪಂಪು ಓಡತೊಡಗಿತು, ಮತ್ತು ಕೊರತೆ ತುಂಬುವವರೆಗೆ ನಿಲ್ಲುವ ಕಾರಣವೂ ಅದಕ್ಕಿರಲಿಲ್ಲ. ಒಂದು ಲೀಟರ್ ಹಾಲಿನಂಥ ನೀರು ಹೋಗಿತ್ತು, ನಾನು ಕೆಳಗಿಳಿದು ಬಂದಾಗ. ಅಷ್ಟಕ್ಕೇ 6 ಡಿಕೆಎಚ್‌ಗೂ ಮೀರಿದ ಸುಣ್ಣ ತೊಟ್ಟಿ ಸೇರಿತ್ತು.

ಪಿಎಚ್ ಮಾನಿಟರ್ 9.1 ತೋರಿಸುತ್ತಿತ್ತು, ಎದುರಿನ ಗಾಜಿನಿಂದ ಹಿಂದಿನ ಗಾಜು ಕಾಣುತ್ತಿರಲಿಲ್ಲ. ಅಷ್ಟು ಪಿಎಚ್‌ನಲ್ಲಿ ನೀರಿನಲ್ಲಿದ್ದ ಕ್ಯಾಲ್ಸಿಯಂ ಮತ್ತು ಕಾರ್ಬೊನೇಟ್ ಒಂದಕ್ಕೊಂದು ಸೇರಿ ಪುಡಿಯಾಗಿ ಉದುರುತ್ತವೆ. ಹೀಟರಿನ ಮೇಲೆ, ಪಂಪಿನ ಇಂಪೆಲ್ಲರಿನ ಮೇಲೆ ಬೂದು ಬಣ್ಣದ ಹಕ್ಕಳೆ ಕಟ್ಟುತ್ತದೆ. ಆ ಮಬ್ಬು ನೀರಿನಲ್ಲೇ ಆಲ್ಕಲಿನಿಟಿ ಪರೀಕ್ಷಿಸಿದರೆ ಕಿಟ್ಟು 14 ಎಂದಿತು. ಅದು ಸುಳ್ಳು ಅಂಕಿ, ಏಕೆಂದರೆ ಪರೀಕ್ಷೆಯ ಆಮ್ಲದಲ್ಲಿ ತೇಲುವ ಕಣಗಳೂ ಕರಗಿ ಲೆಕ್ಕಕ್ಕೆ ಸೇರುತ್ತವೆ. ಮರುದಿನ ನೀರು ತಿಳಿಯಾದ ಮೇಲೆ ನೋಡಿದರೆ 6ಕ್ಕೆ ಬಂದಿತ್ತು, ಅಂದರೆ ಸುಣ್ಣ ಹಾಕುವ ಮೊದಲಿಗಿಂತಲೂ ಕಡಿಮೆ. ಕ್ಲೌನ್ ಮೀನುಗಳು ಉಳಿದವು. ಅಕ್ರೋಪೋರಾಗಳ ಚರ್ಮ ಬುಡದಿಂದ ಮೇಲಕ್ಕೆ ಸುಲಿದು ವಾರದೊಳಗೆ ಬಹುತೇಕ ಎಲ್ಲವೂ ಬಿಳಿ ಅಸ್ಥಿಪಂಜರಗಳಾದವು.

ನಿಮಗೂ ಎಂದಾದರೂ ಹೀಗಾದರೆ ಮೊದಲು ರಿಯಾಕ್ಟರನ್ನು ನಿಲ್ಲಿಸಿ, ಸಕ್ಕರೆ, ಉಪ್ಪು, ಪರಿಮಳ ಯಾವುದೂ ಇಲ್ಲದ ಬರೀ ಸೋಡಾ ನೀರನ್ನು ಸಂಪಿನ ರಭಸವಾದ ಭಾಗಕ್ಕೆ ಸ್ವಲ್ಪಸ್ವಲ್ಪವಾಗಿ ಹಾಕುತ್ತ ಪಿಎಚ್ ಅನ್ನು 8.5ರ ಕೆಳಗೆ ತನ್ನಿ. ಸೋಡಾದ ಇಂಗಾಲದ ಡೈಆಕ್ಸೈಡೇ ಇಲ್ಲಿ ಔಷಧಿ. ಮರುದಿನ ಆಲ್ಕಲಿನಿಟಿ ಕಡಿಮೆ ಕಂಡರೆ ಗಾಬರಿಯಿಂದ ಒಂದೇ ಸಲ ಏರಿಸಲು ಹೋಗಬೇಡಿ, ದಿನಕ್ಕೆ 1 ಡಿಕೆಎಚ್ ಸಾಕು.

ಈಗ ನಿಮ್ಮ ಮೂರು ತಿಂಗಳ ಮಾತಿಗೆ ಬರುತ್ತೇನೆ. ರಿಯಾಕ್ಟರ್ ಖಾಲಿಯಾದರೆ ಆಲ್ಕಲಿನಿಟಿ ದಿನಕ್ಕೆ ಒಂದಿಷ್ಟು ಇಳಿಯುತ್ತದೆ, ನಿಮ್ಮ ವಾರದ ಪರೀಕ್ಷೆಯಲ್ಲಿ ಅದು ಸಿಕ್ಕಿಬೀಳುತ್ತದೆ, ಒಂದೇ ರಾತ್ರಿಯಲ್ಲಿ ಯಾವ ಹವಳವೂ ಅದರಿಂದ ಸಾಯುವುದಿಲ್ಲ. ಅಪಾಯವಿರುವುದು ತುಂಬಿದ ನಂತರದ ಒಂದೆರಡು ಗಂಟೆಗಳಲ್ಲಿ, ಮತ್ತು ಎಷ್ಟು ಹೆಚ್ಚು ತುಂಬುತ್ತೀರೋ ಅಪಾಯವೂ ಅಷ್ಟೇ ದೊಡ್ಡದು. ತುಂಬುವ ಸರದಿಯನ್ನು ಕಡಿಮೆ ಮಾಡಿ ಪ್ರತಿ ಸರದಿಯ ಸುಣ್ಣವನ್ನು ಮೂರುಪಟ್ಟು ಮಾಡುವ ನಿಮ್ಮ ಉಪಾಯ ಸುರಕ್ಷತೆಯ ದೃಷ್ಟಿಯಿಂದ ತಲೆಕೆಳಗಾಗಿದೆ.

ಅದೂ ಅಲ್ಲದೆ, ಅಷ್ಟು ಸುಣ್ಣ ಮೂರು ತಿಂಗಳು ಸುಣ್ಣವಾಗಿ ಉಳಿಯುವುದೂ ಇಲ್ಲ. ಶಾಲೆಯಲ್ಲಿ ಸುಣ್ಣದ ತಿಳಿನೀರಿಗೆ ಕೊಳವೆಯಿಂದ ಊದಿ ಅದನ್ನು ಬೆಳ್ಳಗೆ ಮಾಡಿದ್ದು ನೆನಪಿದೆಯಲ್ಲವೇ. ಅದೇ ಕ್ರಿಯೆ ರಿಯಾಕ್ಟರಿನಲ್ಲಿ ನಿಧಾನವಾಗಿ ನಡೆಯುತ್ತಿರುತ್ತದೆ. ಒಳಬರುವ ಆರ್‌ಓ ನೀರಿನಲ್ಲಿ ಕರಗಿದ ಇಂಗಾಲದ ಡೈಆಕ್ಸೈಡ್ ಮತ್ತು ಸಡಿಲ ಮುಚ್ಚಳದಿಂದ ನುಸುಳುವ ಗಾಳಿ ಸೇರಿ ಸುಣ್ಣವನ್ನು ಕ್ಯಾಲ್ಸಿಯಂ ಕಾರ್ಬೊನೇಟ್ ಮಾಡುತ್ತವೆ. ಅದು ಕರಗುವುದಿಲ್ಲ, ಆದರೆ ನೋಡಲು ಸುಣ್ಣದಂತೆಯೇ ಇರುತ್ತದೆ. ತಳದಲ್ಲಿ ಮೂರು ಬೆರಳು ಬಿಳಿ ಕಂಡು ಇನ್ನೂ ಸುಣ್ಣ ಇದೆ ಎಂದು ಸುಮ್ಮನಿರುವವರು ಬಹಳ ಮಂದಿ.

ಆದ್ದರಿಂದ ಕಣ್ಣನ್ನು ನಂಬದೆ ರಿಯಾಕ್ಟರಿನಿಂದ ಬರುವ ನೀರನ್ನು ಅಳೆಯಿರಿ. ಪಿಎಚ್ ಮೀಟರ್ ಇದಕ್ಕೆ ಒಳ್ಳೆಯ ಸಾಧನವಲ್ಲ: ಸುಣ್ಣದ ಸಾಂದ್ರತೆ ಅರ್ಧಕ್ಕೆ ಇಳಿದರೂ ಪಿಎಚ್ ಕೇವಲ 0.3ರಷ್ಟು ಇಳಿಯುತ್ತದೆ, ಅಷ್ಟು ವ್ಯತ್ಯಾಸವನ್ನು ಹಳೆಯ ಪ್ರೋಬ್ ತಾನಾಗಿಯೇ ತೋರಿಸುತ್ತದೆ. ವಿದ್ಯುತ್ ವಾಹಕತೆ ಅಳೆಯುವ ಕಂಡಕ್ಟಿವಿಟಿ ಮೀಟರ್ ಕೊಳ್ಳಿ. 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಪೂರ್ತಿ ಸುಣ್ಣ ಹಿಡಿದ ತಿಳಿನೀರು ಸೆಂಟಿಮೀಟರಿಗೆ 10 ಮಿಲಿಸೀಮನ್ಸ್‌ಗಿಂತ ತುಸು ಹೆಚ್ಚು ತೋರಿಸುತ್ತದೆ. ಅದು 8ರ ಬಳಿ ಬಂದಾಗ ನಾನು ತುಂಬುತ್ತೇನೆ, ಕ್ಯಾಲೆಂಡರ್ ನೋಡುವುದಿಲ್ಲ. ನಾಲ್ಕು ಲೀಟರ್ ದಿನವೂ ಆವಿಯಾಗುವ ತೊಟ್ಟಿಗೆ ದಿನಕ್ಕೆ ಆರೂವರೆ ಗ್ರಾಂ, ತಿಂಗಳಿಗೆ ಇನ್ನೂರು ಗ್ರಾಂ ಸುಣ್ಣ ಬೇಕಾಗುತ್ತದೆ. ತಿಂಗಳದ್ದನ್ನೂ ಒಮ್ಮೆಲೇ ಹಾಕುವುದಕ್ಕಿಂತ ಹದಿನೈದು ದಿನಕ್ಕೊಮ್ಮೆ ನೂರು ಗ್ರಾಂ ಹಾಕುವುದು ಮೇಲು.

ತುಂಬುವಾಗ ರಿಯಾಕ್ಟರಿಗೆ ನೀರು ಕೊಡುವ ಪಂಪಿನ ಪ್ಲಗ್ಗನ್ನು ಗೋಡೆಯಿಂದ ಕಿತ್ತು ಕಣ್ಣಿಗೆ ಕಾಣುವಂತೆ ನೇತುಹಾಕಿ; ಅದು ಬೇರಾವ ಪಂಪಿನ ಸ್ವಿಚ್ಚಿನ ಜೊತೆಗೂ ಇರಬಾರದು. ನೀರು ಬದಲಿಸುವ ದಿನ ರಿಯಾಕ್ಟರ್ ಮುಟ್ಟಲೇಬೇಡಿ. ಕಲಕಿದ ಮೇಲೆ ಮೇಲಿನ ಅರ್ಧ ಸಂಪೂರ್ಣ ತಿಳಿಯಾಗುವವರೆಗೆ ಕಾಯಿರಿ. ನಾನು ಸಂಜೆ ತುಂಬಿ ಬೆಳಗ್ಗೆ ಪ್ಲಗ್ ಹಾಕುತ್ತೇನೆ. ಕನ್ನಡಕ ಮತ್ತು ಕೈಗವಸು ಕಡ್ಡಾಯ: ಎಲೆಯಡಿಕೆಗೆ ಸುಣ್ಣ ಹೆಚ್ಚಾಗಿ ನಾಲಿಗೆ ಸುಟ್ಟುಕೊಂಡವರಿಗೆ ಈ ಪುಡಿ ಕಣ್ಣಿಗೆ ಹಾರಿದರೆ ಏನಾದೀತೆಂದು ಹೇಳಬೇಕಿಲ್ಲ. ಅಂದಹಾಗೆ, ಇಂಡಿಯನ್ ಅಂಗಡಿಯ ಡಬ್ಬಿ ಸುಣ್ಣ ನಡೆಯುತ್ತದೆಯೇ ಎಂದೂ ಕೇಳಿದ್ದೀರಿ. ಬೇಡ; ಅದರಲ್ಲಿ ಏನೇನು ಬೆರೆತಿದೆ ಎಂದು ತಿಳಿಯುವ ದಾರಿಯಿಲ್ಲ. ಅಮೆರಿಕದಲ್ಲಿ ತರಕಾರಿಯ ಉಪ್ಪಿನಕಾಯಿ ಹಾಕಲು ಮಾರುವ ಆಹಾರ ದರ್ಜೆಯ ಪಿಕ್ಲಿಂಗ್ ಲೈಮ್ ಶುದ್ಧ ಕ್ಯಾಲ್ಸಿಯಂ ಹೈಡ್ರಾಕ್ಸೈಡ್, ಅಗ್ಗವೂ ಹೌದು.

ಇನ್ನೊಂದು ಬದಲಾವಣೆಯನ್ನು ಒತ್ತಿ ಹೇಳುತ್ತೇನೆ: ರಿಯಾಕ್ಟರನ್ನು ಟಾಪ್-ಆಫ್‌ನಿಂದ ಬಿಡಿಸಿ. ಚಳಿಗಾಲದಲ್ಲಿ ಮನೆ ಬಿಸಿಮಾಡುವ ಫರ್ನೇಸಿನಿಂದ ಗಾಳಿ ಒಣಗಿ ನನ್ನ ತೊಟ್ಟಿಯಿಂದ ದಿನಕ್ಕೆ ಆರು ಲೀಟರ್ ಹೋಗುತ್ತದೆ, ಬೇಸಿಗೆಯ ಸೆಕೆಯಲ್ಲಿ ಮೂರು. ಟಾಪ್-ಆಫ್‌ಗೆ ಜೋಡಿಸಿದರೆ ಹವಳ ಕೇಳದಿದ್ದರೂ ಸುಣ್ಣ ದುಪ್ಪಟ್ಟಾಗುತ್ತದೆ. ಟಾಪ್-ಆಫ್ ಬರೀ ಆರ್‌ಓ ನೀರು ಹಾಕಲಿ. ರಿಯಾಕ್ಟರಿಗೆ ಒಂದು ಡೋಸಿಂಗ್ ಪಂಪು ಇಟ್ಟು, ಪಿಎಚ್ ಇಳಿಯುವ ರಾತ್ರಿಯ ಹೊತ್ತಿನಲ್ಲಿ ನಿಗದಿತ ಪ್ರಮಾಣವನ್ನು ಹನಿಹನಿಯಾಗಿ ಬಿಡಿ. ಡೋಸಿಂಗ್ ಪಂಪು ಎಷ್ಟೇ ಕೆಟ್ಟರೂ ನಿಮಿಷಕ್ಕೆ ಒಂದು ಲೀಟರ್ ತಳ್ಳಲಾರದು.

ನಿಜ ಹೇಳಬೇಕೆಂದರೆ ನಿಮ್ಮ ಗಾತ್ರದ ತೊಟ್ಟಿಗೆ ರಿಯಾಕ್ಟರೇ ಬೇಕಿಲ್ಲ. ಮುಚ್ಚಳವಿರುವ ಇಪ್ಪತ್ತು ಲೀಟರ್ ಬಕೆಟ್ಟಿನಲ್ಲಿ ನಲವತ್ತು ಗ್ರಾಂ ಸುಣ್ಣ ಕಲಕಿ, ರಾತ್ರಿಯಿಡೀ ತಿಳಿಯಲು ಬಿಟ್ಟು, ತಳದಿಂದ ನಾಲ್ಕು ಬೆರಳು ಮೇಲೆ ಡೋಸಿಂಗ್ ಪಂಪಿನ ಕೊಳವೆ ಇಟ್ಟರೆ ಕೆಲಸ ಮುಗಿಯಿತು. ಕಲಕುವ ಕಾಂತ ಸಿಕ್ಕಿಕೊಳ್ಳುವುದಿಲ್ಲ, ಮೂರು ತಿಂಗಳ ದಾಸ್ತಾನಿನ ಪ್ರಶ್ನೆಯೂ ಇಲ್ಲ. ನೀರಿನ ಮೇಲೆ ತೆಳುವಾದ ಪೊರೆ ಕಟ್ಟಿದರೆ ಒಡೆಯಬೇಡಿ, ಕೆಳಗಿನ ನೀರನ್ನು ಅದು ಗಾಳಿಯಿಂದ ಕಾಪಾಡುತ್ತದೆ.

ರಿಯಾಕ್ಟರನ್ನೇ ಇಟ್ಟುಕೊಳ್ಳುವುದಾದರೆ ಪ್ರತಿ ಎರಡನೆಯ ಸರದಿಗೆ ತಳದ ಬಿಳಿಯನ್ನು ಪೂರ್ತಿ ಹೊರಹಾಕಿ, ಹಳೆಯದರ ಮೇಲೆ ಹೊಸದು ಸುರಿಯುತ್ತ ಹೋಗಬೇಡಿ. ಪುಡಿಯಲ್ಲಿದ್ದ ಲೋಹದ ಕಲ್ಮಶಗಳು ಉಳಿಯುವುದು ಆ ಗಸಿಯಲ್ಲೇ. ಸ್ಟಿರರ್, ಕೊಳವೆ ಮತ್ತು ತೊಟ್ಟಿಕ್ಕುವ ತುದಿಯನ್ನು ಬಿಳಿ ವಿನೆಗರ್‌ನಲ್ಲಿ ನೊರೆ ನಿಲ್ಲುವವರೆಗೆ ನೆನೆಸಿ ತೊಳೆಯಿರಿ. ತುದಿ ಸಂಪಿನ ನೀರಿಗೆ ತಾಗದಂತೆ ಒಂದು ಗೇಣು ಮೇಲಿರಲಿ, ಇಲ್ಲವಾದರೆ ವಾರದೊಳಗೆ ಕಲ್ಲು ಕಟ್ಟಿ ಮುಚ್ಚಿಹೋಗುತ್ತದೆ. ಗಸಿಯನ್ನು ಸಿಂಕಿಗೆ ಚೆಲ್ಲುವ ಮೊದಲು ಅದಕ್ಕೂ ಸಾಕಷ್ಟು ವಿನೆಗರ್ ಹಾಕಿ.