ಮಗಳ ಆತಂಕ, ಇಲ್ಲಿನ ಎಮರ್ಜೆನ್ಸಿ: ನಿಮ್ಮ ಪ್ರಶ್ನೆಗೆ ಉತ್ತರ

ಜುಲೈಯಲ್ಲಿ ಮೈಸೂರಿನಿಂದ ನ್ಯೂಜೆರ್ಸಿಗೆ ಬರುತ್ತಿದ್ದೀರಿ, ಕೋವಿಡ್ ಕಾಲದಲ್ಲಿ ಶುರುವಾದ ಮಗಳ ಆತಂಕ ಇನ್ನೂ ಪೂರ್ತಿ ಹೋಗಿಲ್ಲ ಅಂತ ಬರೆದಿದ್ದೀರಿ. "ಅಲ್ಲಿ ಇಂಥ ಮಕ್ಕಳು ಎಮರ್ಜೆನ್ಸಿಗೇ ಹೋಗಬೇಕಂತೆ, ದಿನಗಟ್ಟಲೆ ಕೂರಿಸ್ತಾರಂತೆ, ನಿಜವಾ?" ಅನ್ನೋದು ನಿಮ್ಮ ಪ್ರಶ್ನೆ. ನಾನು ಇಲ್ಲಿನ ಒಂದು ಆಸ್ಪತ್ರೆಯ ಎಮರ್ಜೆನ್ಸಿಯಲ್ಲಿ ನರ್ಸ್, ಆ ದಿನಗಳಲ್ಲೂ ಅಲ್ಲೇ ಡ್ಯೂಟಿ. ನೀವು ಕೇಳಿದ್ದು ಅರ್ಧ ನಿಜ, ಅರ್ಧ ವಾಟ್ಸಾಪ್.

ನಿಮಗೆ ಯಾರೋ ಕಳಿಸಿದ ಶೇ. 31ರ ಲೆಕ್ಕ ಅಮೆರಿಕ ಸರ್ಕಾರದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿಯದ್ದೇ. 2020ರ ಮಾರ್ಚ್ ಮಧ್ಯದಿಂದ ಅಕ್ಟೋಬರ್‌ವರೆಗೆ, 12ರಿಂದ 17 ವರ್ಷದ ಮಕ್ಕಳ ಎಮರ್ಜೆನ್ಸಿ ಭೇಟಿಗಳಲ್ಲಿ ಮಾನಸಿಕ ಕಾರಣಕ್ಕೆ ಬಂದವುಗಳ ಪಾಲು 2019ಕ್ಕಿಂತ ಅಷ್ಟು ಏರಿತ್ತು. ಆದರೆ ಅದು ಪಾಲು, ಸಂಖ್ಯೆಯಲ್ಲ. ಆ ಏಪ್ರಿಲ್‌ನಲ್ಲಿ ಜನ ಆಸ್ಪತ್ರೆ ಕಡೆ ತಲೆಯೇ ಹಾಕಲಿಲ್ಲ. ದೇಶದಾದ್ಯಂತ ಎಮರ್ಜೆನ್ಸಿ ಭೇಟಿಗಳು ಶೇ. 42 ಇಳಿದಿದ್ದವು. ಮನಸ್ಸಿನ ತೊಂದರೆಯ ಮಕ್ಕಳೂ ಮೊದಮೊದಲು ಕಡಿಮೆಯೇ ಬಂದರು. ಜ್ವರ, ಹೊಟ್ಟೆನೋವು, ಆಟವಾಡಿ ಬಿದ್ದು ಕೈ ಮುರಿದುಕೊಂಡವರು ಅದಕ್ಕಿಂತ ಕಡಿಮೆಯಾದರು. ಪಾಲು ದೊಡ್ಡದಾಗಿ ಕಂಡದ್ದು ಹಾಗೆ.

ನಿಜವಾಗಿ ಎದೆ ನಡುಗಿಸಿದ್ದು ಆಮೇಲಿನದು. 2021ರ ಫೆಬ್ರವರಿ–ಮಾರ್ಚ್ ಹೊತ್ತಿಗೆ, ಆತ್ಮಹತ್ಯೆಗೆ ಯತ್ನಿಸಿದ ಶಂಕೆಯ ಮೇಲೆ ಎಮರ್ಜೆನ್ಸಿಗೆ ಬಂದ ಹದಿಹರೆಯದ ಹುಡುಗಿಯರು 2019ರ ಅದೇ ಅವಧಿಗಿಂತ ಸುಮಾರು ಶೇ. 51 ಹೆಚ್ಚು. ಹುಡುಗರಲ್ಲಿ ಏರಿಕೆ ಶೇ. 4ರ ಆಸುಪಾಸು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ ಇನ್ನೆರಡು ಸಂಸ್ಥೆಗಳ ಜೊತೆ ಸೇರಿ ಮಕ್ಕಳ ಮಾನಸಿಕ ಆರೋಗ್ಯದ ವಿಷಯದಲ್ಲಿ ರಾಷ್ಟ್ರೀಯ ತುರ್ತುಸ್ಥಿತಿ ಘೋಷಿಸಿತು.

ನಾನು ಕಂಡ ಮಟ್ಟಿಗೆ ಕಾರಣ ಬರೀ ವೈರಸ್ ಅಲ್ಲ. ಇಲ್ಲಿ ಮಗು ಮಂಕಾಗಿದೆ ಅಂತ ಎಷ್ಟೋ ಸಲ ಮೊದಲು ಗಮನಿಸುವುದು ಟೀಚರ್, ಸ್ಕೂಲ್ ಕೌನ್ಸೆಲರ್. ಶಾಲೆ ಮುಚ್ಚಿತು, ಥೆರಪಿ ಝೂಮ್‌ಗೆ ಹೋಯಿತು. ಪಕ್ಕದ ರೂಮಿನಲ್ಲಿ ಅಪ್ಪ ಆಫೀಸ್ ಕಾಲ್‌ನಲ್ಲಿರುವಾಗ ಹುಡುಗಿ ಬಾಯಿಬಿಟ್ಟು ಏನು ಹೇಳ್ತಾಳೆ? ಎಲ್ಲಾ ಬಾಗಿಲು ಮುಚ್ಚಿದಾಗ ಇಪ್ಪತ್ನಾಲ್ಕು ಗಂಟೆ ತೆರೆದಿದ್ದದ್ದು ನಮ್ಮದು.

ಕೂರಿಸೋದೂ ನಿಜ. ಡಾಕ್ಟರು ನೋಡಿ ಅಡ್ಮಿಟ್ ಆಗಬೇಕು ಅಂದ ಮೇಲೂ ಮಕ್ಕಳ ಮನೋರೋಗ ವಿಭಾಗದಲ್ಲಿ ಹಾಸಿಗೆ ಸಿಗುವವರೆಗೆ ನಮ್ಮಲ್ಲೇ ಇರಬೇಕು. ಕೋವಿಡ್‌ನಲ್ಲಿ ಎರಡು ಹಾಸಿಗೆಯ ರೂಮಿಗೆ ಒಬ್ಬರನ್ನೇ ಹಾಕುತ್ತಿದ್ದರು, ಟೆಸ್ಟ್ ರಿಸಲ್ಟ್ ಬಾರದೆ ಅಲ್ಲಿಗೆ ಕರೆದೊಯ್ಯುವ ಆಂಬ್ಯುಲೆನ್ಸ್ ಹೊರಡುತ್ತಿರಲಿಲ್ಲ. ಮಗುವಿನ ಬಟ್ಟೆ, ಬೂಟು, ಫೋನು ತೆಗೆದಿಟ್ಟು ಆಸ್ಪತ್ರೆ ಬಟ್ಟೆ ಕೊಡುತ್ತೇವೆ. ಬಾಗಿಲ ಹತ್ತಿರ ಕುರ್ಚಿ ಹಾಕಿಕೊಂಡು ಒಬ್ಬರು ಸದಾ ಕಣ್ಣಿಟ್ಟಿರುತ್ತಾರೆ. ತೆಲುಗಿನ ತಾಯಿಯೊಬ್ಬರು ಸ್ಟೀಲ್ ಡಬ್ಬಿಯಲ್ಲಿ ಮೊಸರನ್ನ ತಂದಿದ್ದರು. ಡಬ್ಬಿ ಒಳಗೆ ಬಿಡುವಂತಿಲ್ಲ, ಕಾಗದದ ಬಟ್ಟಲಿಗೆ ಸುರಿದು ಕೊಟ್ಟೆ. ಕೊಟ್ಟ ಪ್ಲಾಸ್ಟಿಕ್ ಚಮಚವನ್ನೂ ವಾಪಸ್ ತೆಗೆದುಕೊಂಡಾಗ ಆಕೆ ಅತ್ತರು. ಜೈಲಿನ ಹಾಗೆ ಅನ್ನಿಸುತ್ತೆ, ಗೊತ್ತು. ಈಗಲೂ ಕಾಯೋದು ತಪ್ಪಿಲ್ಲ.

ಅಷ್ಟಿದ್ದರೂ, ಮಗಳು ತನಗೆ ತಾನೇ ಏನಾದರೂ ಮಾಡಿಕೊಳ್ಳುವ ಮಾತಾಡಿದರೆ ಹಿಂದೆಮುಂದೆ ನೋಡದೆ ಕರೆದುಕೊಂಡು ಬನ್ನಿ. 1986ರ ಕಾನೂನಿನ ಪ್ರಕಾರ, ಇನ್ಶೂರೆನ್ಸ್ ಇರಲಿ ಬಿಡಲಿ, ಎಮರ್ಜೆನ್ಸಿಯಲ್ಲಿ ಪರೀಕ್ಷೆ ಮಾಡಿ ಸ್ಥಿತಿ ಹತೋಟಿಗೆ ತರಲೇಬೇಕು. ಬಿಲ್ ಬರುತ್ತೆ, ಸಣ್ಣದೇನಲ್ಲ; ಆದರೆ 2022ರಿಂದ, ನಿಮ್ಮ ಇನ್ಶೂರೆನ್ಸ್ ನೆಟ್‌ವರ್ಕ್‌ನಲ್ಲಿಲ್ಲದ ಆಸ್ಪತ್ರೆಗೆ ತುರ್ತಾಗಿ ಹೋದರೂ ಸಾಮಾನ್ಯವಾಗಿ ನೆಟ್‌ವರ್ಕ್ ದರದ ಪಾಲನ್ನಷ್ಟೇ ನಿಮ್ಮಿಂದ ಕೇಳಬಹುದು. ಯಜಮಾನರ ಕಂಪನಿಗೆ ಆಸ್ಪತ್ರೆ ತಾನಾಗಿ ಸುದ್ದಿ ಮುಟ್ಟಿಸುವಂತಿಲ್ಲ, ರೋಗಿಯ ಮಾಹಿತಿ ಗುಟ್ಟಾಗಿಡಬೇಕು ಅನ್ನೋ ಹಿಪಾ ಕಾನೂನು ಅಡ್ಡ ಬರುತ್ತೆ. ನಮ್ಮವರು ಇದೊಂದಕ್ಕೇ ಹೆದರಿ ತಡ ಮಾಡೋದನ್ನ ನೋಡಿದ್ದೀನಿ. ಕನ್ನಡ ದುಭಾಷಿ ಬೇಕು ಅಂತ ಕೇಳಿ, ಫೋನ್‌ನಲ್ಲಿ ಕೊಡಿಸುತ್ತಾರೆ, ದುಡ್ಡಿಲ್ಲ. ಮಗಳ ಕೈಲಿ ತರ್ಜುಮೆ ಮಾಡಿಸಬೇಡಿ. ಹೋಗಬೇಕೋ ಬೇಡವೋ ತಿಳಿಯದಿದ್ದರೆ ಆತ್ಮಹತ್ಯೆ ತಡೆ ಸಹಾಯವಾಣಿ 988ಕ್ಕೆ ಫೋನ್ ಮಾಡಿ. 2022ರ ಜುಲೈಯಿಂದ ಇದೆ, ರಾತ್ರಿಯೂ ಎತ್ತುತ್ತಾರೆ.

ಅಲ್ಲಿಯವರೆಗೆ ಬರದ ಹಾಗೆ ನೋಡಿಕೊಳ್ಳೋದು ಬಂದ ವಾರದಲ್ಲೇ ಶುರುವಾಗಲಿ. ಶಾಲೆಗೆ ಹೇಗೂ ಲಸಿಕೆ ದಾಖಲೆ ಬೇಕು, ಆ ನೆಪದಲ್ಲೇ ಮಕ್ಕಳ ಡಾಕ್ಟರನ್ನ ಗೊತ್ತುಮಾಡಿಕೊಂಡು ಆತಂಕದ ವಿಷಯ ಹೇಳಿ. ಥೆರಪಿಸ್ಟ್‌ಗೆ ಕಾಯಬೇಕಾಗುತ್ತೆ, ಆದ್ದರಿಂದ ಮೈಸೂರಿನಿಂದಲೇ ಇನ್ಶೂರೆನ್ಸ್ ಪಟ್ಟಿ ನೋಡಿ ಹೆಸರು ಹಾಕಿಸಲು ಯತ್ನಿಸಿ. ಸೆಪ್ಟೆಂಬರ್‌ನಲ್ಲಿ ಶಾಲೆ ಶುರುವಾದ ಕೂಡಲೇ ಕೌನ್ಸೆಲರ್‌ಗೆ ಮೇಲ್ ಮಾಡಿ. ಅಲ್ಲಿನ ಡಾಕ್ಟರ ಹತ್ತಿರ ಇಂಗ್ಲಿಷ್‌ನಲ್ಲಿ ಟೈಪ್ ಮಾಡಿದ ಪತ್ರ ಬರೆಸಿಕೊಳ್ಳಿ, ಮಾತ್ರೆಗಳ ಜೆನರಿಕ್ ಹೆಸರು ಅದರಲ್ಲಿರಲಿ, ಯಾಕೆಂದರೆ ನಮ್ಮೂರಿನ ಬ್ರಾಂಡ್ ಹೆಸರು ಇಲ್ಲಿನ ಫಾರ್ಮಸಿಯವರಿಗೆ ಗೊತ್ತಾಗಲ್ಲ.