ಹೈಬ್ರಿಡ್ ಬ್ಯಾಟರಿ ಸೋತಾಗ: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ನಮ್ಮದು 2008ರ ಟೊಯೋಟಾ ಪ್ರಿಯಸ್, ಪೆಟ್ರೋಲ್ ಎಂಜಿನ್ ಜೊತೆ ವಿದ್ಯುತ್ ಮೋಟಾರೂ ಇರುವ ಹೈಬ್ರಿಡ್ ಕಾರು. ಡ್ಯಾಶ್‌ಬೋರ್ಡಿನಲ್ಲಿ ಕೆಂಪು ತ್ರಿಕೋನ ಹೊತ್ತಿಕೊಂಡಿದೆ. ಸ್ಕ್ಯಾನರ್ ಹಾಕಿದರೆ ಪಿ0ಎ80 ಎಂಬ ಕೋಡ್ ಬರುತ್ತದೆ. ಬ್ಯಾಟರಿಯನ್ನೇ ಬದಲಿಸಬೇಕು ಎನ್ನುತ್ತಾರೆ. ಒಪ್ಪಿಕೊಳ್ಳಬಹುದೇ?

ಉತ್ತರ: ಒಪ್ಪುವ ಮೊದಲು ಬ್ಲಾಕ್‌ಗಳ ವೋಲ್ಟೇಜ್ ನೋಡಿ. ನಿಮ್ಮ ಕಾರಿನ ಬ್ಯಾಟರಿಯಲ್ಲಿ 7.2 ವೋಲ್ಟಿನ 28 ಮಾಡ್ಯೂಲ್‌ಗಳು ಸಾಲಾಗಿ ಜೋಡಿಸಲ್ಪಟ್ಟಿವೆ, ಒಟ್ಟು 201.6 ವೋಲ್ಟ್. ಪ್ರತಿ ಮಾಡ್ಯೂಲಿನೊಳಗೆ 1.2 ವೋಲ್ಟಿನ ಆರು ನಿಕಲ್ ಮೆಟಲ್ ಹೈಡ್ರೈಡ್ ಸೆಲ್‌ಗಳಿವೆ. ಬ್ಯಾಟರಿಯ ಕಂಪ್ಯೂಟರ್ ಎರಡೆರಡು ಮಾಡ್ಯೂಲ್‌ಗಳನ್ನು ಒಂದು ಬ್ಲಾಕ್ ಎಂದು ಹಿಡಿದು 14 ಕಡೆ ವೋಲ್ಟೇಜ್ ಅಳೆಯುತ್ತಲೇ ಇರುತ್ತದೆ. ಬ್ಲಾಕ್‌ಗಳ ನಡುವಿನ ವ್ಯತ್ಯಾಸ ಮಿತಿ ಮೀರಿದಾಗ ಈ ಕೋಡ್ ಬರುತ್ತದೆ.

ಹೈಬ್ರಿಡ್ ಕಾರುಗಳ ಅಂಕಿಅಂಶ ತೋರಿಸುವ ಆ್ಯಪ್ ಮತ್ತು ಕಾರಿನ ಕಂಪ್ಯೂಟರಿನ ಮಾಹಿತಿ ಓದಿ ಫೋನಿಗೆ ಕಳಿಸುವ ಒಂದು ಬ್ಲೂಟೂತ್ ಒಬಿಡಿ ಸಾಧನ ಇದ್ದರೆ ಸಾಕು. ಒಬ್ಬರು ಓಡಿಸಲಿ, ಇನ್ನೊಬ್ಬರು 14 ಅಂಕಿಗಳನ್ನೂ ಗಮನಿಸಲಿ. ಒಂದು ಬ್ಲಾಕ್ ಯಾವಾಗಲೂ ಉಳಿದವುಗಳಿಗಿಂತ ಸುಮಾರು 1.2 ವೋಲ್ಟ್ ಕೆಳಗೇ ಇದ್ದರೆ ಅದರಲ್ಲಿ ಒಂದು ಸೆಲ್ ಸತ್ತಿದೆ ಎಂದರ್ಥ. ಏರು ಹತ್ತುವಾಗ ಎಲ್ಲಕ್ಕಿಂತ ಮೊದಲು ಕುಸಿದು, ಚಾರ್ಜ್ ಆಗುವಾಗ ಎಲ್ಲಕ್ಕಿಂತ ಮೊದಲು ಏರುವ ಬ್ಲಾಕ್ ತನ್ನ ಶಕ್ತಿ ಸಂಗ್ರಹಿಸುವ ಸಾಮರ್ಥ್ಯವನ್ನೇ ಕಳೆದುಕೊಂಡಿದೆ. ಆದರೆ ಒಂದೇ ಬ್ಲಾಕಿನ ಅಂಕಿ ಕಾರಣವಿಲ್ಲದೆ ಅತ್ತಿಂದಿತ್ತ ಜಿಗಿಯುತ್ತಿದ್ದರೆ ಸೆಲ್ ಮೇಲೆ ಆರೋಪ ಹೊರಿಸಬೇಡಿ. ವೋಲ್ಟೇಜ್ ಅಳೆಯುವ ಸಣ್ಣ ತಂತಿಯ ತುದಿಯಲ್ಲಿ ಹಸಿರು ಕಿಲುಬು ಹತ್ತಿರುವ ಸಾಧ್ಯತೆಯೇ ಹೆಚ್ಚು. ಅದನ್ನು ಸರಿಪಡಿಸಲು ಹೊಸ ಬ್ಯಾಟರಿ ಬೇಕಿಲ್ಲ.

ಪ್ರಶ್ನೆ: ಕಂಪನಿಯ ಬ್ಯಾಟರಿ ಕೈಗೆಟುಕುವುದಿಲ್ಲ. ಹೊರಗಡೆ ‘ರಿಪೇರಿ ಮಾಡಿದ್ದು’ ಅಗ್ಗಕ್ಕೆ ಸಿಗುತ್ತದೆ, ‘ಹೊಸ ಸೆಲ್‌ಗಳದ್ದು’ ಸ್ವಲ್ಪ ದುಬಾರಿ. ಯಾವುದು ಒಳ್ಳೆಯದು?

ಉತ್ತರ: ಕಾರನ್ನು ಇನ್ನೂ ಕೆಲವು ವರ್ಷ ಇಟ್ಟುಕೊಳ್ಳುವುದಾದರೆ ಹೊಸ ಸೆಲ್‌ಗಳದ್ದನ್ನೇ ತೆಗೆದುಕೊಳ್ಳಿ. ಇದರಲ್ಲಿ ನಮಗೆ ಎರಡು ಮಾತಿಲ್ಲ.

ರಿಪೇರಿ ಬ್ಯಾಟರಿಯೆಂದರೆ ಹಳೆಯ ಬ್ಯಾಟರಿಯಿಂದ ಕೆಟ್ಟ ಮಾಡ್ಯೂಲ್ ಕಿತ್ತು, ಆ ಜಾಗಕ್ಕೆ ಇನ್ನೊಂದು ಹಳೆಯ ಕಾರಿನಿಂದ ತೆಗೆದ ಮಾಡ್ಯೂಲ್ ಕೂರಿಸಿದ್ದು. 28 ಮಾಡ್ಯೂಲ್‌ಗಳಲ್ಲೂ ಹರಿಯುವ ಕರೆಂಟ್ ಒಂದೇ. ಸಾಮರ್ಥ್ಯ ಮಾತ್ರ ಒಂದೊಂದರದು ಒಂದೊಂದು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎಂಬಂತೆ, ದುರ್ಬಲ ಮಾಡ್ಯೂಲ್ ಪ್ರತಿ ಸಲವೂ ಮೊದಲು ಖಾಲಿಯಾಗುತ್ತದೆ, ಮೊದಲು ತುಂಬಿ ಬಿಸಿಯಾಗುತ್ತದೆ, ಆ ಬಿಸಿಯಿಂದ ಇನ್ನಷ್ಟು ಸವೆಯುತ್ತದೆ. ಅದನ್ನು ಬದಲಿಸಿದರೆ ಸರದಿ ಪಕ್ಕದ್ದಕ್ಕೆ. ಎಲ್ಲವೂ ಒಂದೇ ವಯಸ್ಸಿನವಾದ್ದರಿಂದ ಈ ಸರಣಿ ನಿಲ್ಲುವುದಿಲ್ಲ. ಕಾರನ್ನು ಬೇಗ ಮಾರುವ ಉದ್ದೇಶವಿದ್ದು, ಕೊಳ್ಳುವವರಿಗೆ ಅದನ್ನು ತಿಳಿಸಿಯೇ ಮಾರುವುದಾದರೆ ರಿಪೇರಿ ಬ್ಯಾಟರಿ ಸರಿ.

ಹೊಸದನ್ನು ಕೊಳ್ಳುವಾಗ ನಾಲ್ಕು ಸಂಗತಿ ಕೇಳಿ, ಉತ್ತರ ಬರಹದಲ್ಲಿ ಪಡೆಯಿರಿ. ಸೆಲ್ ತಯಾರಾದ ತಿಂಗಳು ಮತ್ತು ವರ್ಷ ಯಾವುದು? ನಿಕಲ್ ಸೆಲ್ ಕಪಾಟಿನಲ್ಲಿ ಕುಳಿತಲ್ಲೇ ಚಾರ್ಜ್ ಕಳೆದುಕೊಳ್ಳುತ್ತದೆ, ವರ್ಷಗಟ್ಟಲೆ ಹಾಗೇ ಬಿದ್ದಿದ್ದರೆ ಹೆಸರಿಗಷ್ಟೇ ಹೊಸದು. ಸಾಮರ್ಥ್ಯ ಎಷ್ಟು? ಮೂಲ ಬ್ಯಾಟರಿಯದು 6.5 ಆಂಪಿಯರ್ ಅವರ್. ಎಲ್ಲ ಸೆಲ್‌ಗಳ ಸಾಮರ್ಥ್ಯ ಅಳೆದು, ಒಂದನ್ನೊಂದು ಹೋಲುವವನ್ನೇ ಒಂದು ಬ್ಯಾಟರಿಗೆ ಆರಿಸಿದ್ದಾರೆಯೇ? ವಾರಂಟಿಯಲ್ಲಿ ಬಿಚ್ಚಿ ಜೋಡಿಸುವ ಕೂಲಿ ಸೇರಿದೆಯೇ, ಬಾಡಿಗೆಗೆ ಓಡುವ ಕಾರಿಗೂ ಅದು ಅನ್ವಯಿಸುತ್ತದೆಯೇ? ಮೂರನೆಯ ಪ್ರಶ್ನೆಗೆ ತಡವರಿಸುವವರ ಬಳಿ ಕೊಳ್ಳದಿರುವುದೇ ಲೇಸು.

ಪ್ರಶ್ನೆ: ಕೆಲಸ ನಾವೇ ಮಾಡಿಕೊಳ್ಳಬಹುದೇ? ಸರ್ವಿಸ್ ಪ್ಲಗ್ ಕಿತ್ತರೆ ಕರೆಂಟ್ ಇರುವುದಿಲ್ಲ ಎಂದು ಓದಿದ್ದೇನೆ.

ಉತ್ತರ: ಆ ತಿಳಿವಳಿಕೆ ಅಪಾಯಕಾರಿ. ಸರ್ವಿಸ್ ಪ್ಲಗ್ ಎಂಬ ಆ ಕಿತ್ತಳೆ ಬಣ್ಣದ ಪ್ಲಗ್ ಕಿತ್ತರೆ ಮಾಡ್ಯೂಲ್‌ಗಳ ಸರಪಣಿ ಎರಡು ತುಂಡಾಗುತ್ತದೆ ಅಷ್ಟೆ, ಮಾಡ್ಯೂಲ್‌ಗಳಲ್ಲಿರುವ ಕರೆಂಟ್ ಖಾಲಿಯಾಗುವುದಿಲ್ಲ. ವಾಹನಗಳಲ್ಲಿ 60 ವೋಲ್ಟ್ ಡಿಸಿ ದಾಟಿದರೆ ಅಪಾಯದ ಮಟ್ಟ ಎಂದು ಗಣಿಸುತ್ತಾರೆ. ಒಂಬತ್ತು ಮಾಡ್ಯೂಲ್ ಸಾಲಾಗಿ ಸೇರಿದರೆ ಅದು ದಾಟಿತು. ವಿದ್ಯುತ್ ಕೆಲಸದ ಅಭ್ಯಾಸ ಇಲ್ಲದವರು ಇದನ್ನು ಬಲ್ಲವರಿಗೇ ಬಿಡಬೇಕು.

ಅಭ್ಯಾಸ ಇರುವವರಿಗೆ ಕ್ರಮ ಹೀಗೆ. ಮೊದಲು ಹಿಂಬಾಗಿಲು ತೆರೆಯಿರಿ. ನಿಮ್ಮ ಮಾದರಿಯಲ್ಲಿ ಅದರ ಚಿಲಕ ಕರೆಂಟಿನಿಂದ ಕೆಲಸ ಮಾಡುತ್ತದೆ, 12 ವೋಲ್ಟ್ ಬ್ಯಾಟರಿ ಇರುವುದೂ ಅಲ್ಲೇ. ಆ ಬ್ಯಾಟರಿ ಕಳಚಿದ ಮೇಲೆ ಬಾಗಿಲು ಮುಚ್ಚಿಕೊಂಡರೆ ಒಳಗಿನಿಂದ ತೆವಳಿಕೊಂಡು ಹೋಗಿ ತೆರೆಯಬೇಕಾಗುತ್ತದೆ. ಕಾರನ್ನು ಆಫ್ ಮಾಡಿ, ಕೀಲಿಯನ್ನು ದೂರವಿಡಿ, 12 ವೋಲ್ಟಿನ ನೆಗೆಟಿವ್ ಕಳಚಿ. 1000 ವೋಲ್ಟ್ ತಡೆಯುವ ಕ್ಲಾಸ್ 0 ರಬ್ಬರ್ ಗ್ಲೌಸ್ ಬಳಸಿ. ತೊಡುವ ಮುನ್ನ ಗಾಳಿ ತುಂಬಿ ಸುರುಳಿ ಸುತ್ತಿ, ಎಲ್ಲಾದರೂ ಗಾಳಿ ಸೋರುತ್ತದೆಯೇ ನೋಡಿ. ಪ್ಲಗ್ ತೆಗೆದು ನಿಮ್ಮ ಜೇಬಿಗೇ ಹಾಕಿಕೊಳ್ಳಿ, ಬೇರೆಯವರು ತಿಳಿಯದೆ ಮರಳಿ ಸಿಕ್ಕಿಸಬಾರದು. ಇನ್ವರ್ಟರಿನೊಳಗೆ ಚಾರ್ಜ್ ಹಿಡಿದಿಟ್ಟುಕೊಳ್ಳುವ ಕೆಪಾಸಿಟರ್‌ಗಳು ಖಾಲಿಯಾಗಲು ಹತ್ತು ನಿಮಿಷ ಕಾಯಿರಿ. ಆಮೇಲೂ ಮೀಟರ್ ಹಿಡಿದು ಸೊನ್ನೆ ತೋರಿಸುವುದನ್ನು ಖಚಿತಪಡಿಸಿಕೊಳ್ಳದೆ ಕಿತ್ತಳೆ ಕೇಬಲ್ ಮುಟ್ಟಬೇಡಿ. ಉಂಗುರ, ವಾಚು, ಸರ ಮೊದಲೇ ತೆಗೆದಿರಿ. ಬ್ಯಾಟರಿ ಸುಮಾರು 40 ಕಿಲೋ ತೂಗುತ್ತದೆ, ಎತ್ತಲು ಇಬ್ಬರು ಬೇಕು.

ಹೆಚ್ಚಿನವರು ಎಡವುವುದು ಮಾಡ್ಯೂಲ್‌ಗಳನ್ನು ಬೆಸೆಯುವ ತಾಮ್ರದ ಬಸ್‌ಬಾರ್‌ಗಳಲ್ಲಿ. ಕಪ್ಪು ಹಸಿರು ಕಿಲುಬು ಹಿಡಿದ ಹಳೆಯ ಪಟ್ಟಿಗಳನ್ನೇ ಹೊಸ ಬ್ಯಾಟರಿಗೆ ಹಾಕಿದರೆ ಸಂಪರ್ಕ ಸಡಿಲವಾಗಿ, ಅಲ್ಲಿ ಬಿಸಿ ಹುಟ್ಟಿ ಕೆಲವೇ ತಿಂಗಳಲ್ಲಿ ಹಳೆಯ ಕೋಡ್ ಮರಳುತ್ತದೆ. ನಿಕಲ್ ಲೇಪಿಸಿದ ಹೊಸ ಪಟ್ಟಿಗಳೇ ಉತ್ತಮ. ನಟ್‌ಗೆ 8 ಎಂಎಂ ಸಾಕೆಟ್, ಇಂಚು ಪೌಂಡಿನ ಸಣ್ಣ ಟಾರ್ಕ್ ರೆಂಚ್ ಬಳಸಿ. ಮೂಲ ಮಾಡ್ಯೂಲಿಗೆ ಬಿಗಿತ 5.4 ನ್ಯೂಟನ್ ಮೀಟರ್, ಅಂದರೆ 48 ಇಂಚು ಪೌಂಡ್ ಮಾತ್ರ. ಬೋಲ್ಟ್ ಪ್ಲಾಸ್ಟಿಕ್ಕಿನಲ್ಲಿ ಕೂತಿರುವುದರಿಂದ ತೋಳ್ಬಲ ತೋರಿಸಿದರೆ ಅದು ಒಳಗೇ ತಿರುಗಿ ಮಾಡ್ಯೂಲ್ ಹಾಳು. ಹೊಸ ಸೆಲ್ ತಯಾರಕರು ಬೇರೆ ಅಳತೆ ಕೊಟ್ಟಿದ್ದರೆ ಅದನ್ನೇ ಅನುಸರಿಸಿ. ಮಾಡ್ಯೂಲ್‌ಗಳು ಒಂದರ ಪಕ್ಕ ಒಂದು ತಲೆಕೆಳಗಾಗಿ, ಪ್ಲಸ್ ಮೈನಸ್ ಸರದಿಯಂತೆ ಬರಬೇಕು. ಬಿಚ್ಚುವ ಮೊದಲೇ ಫೋಟೋ ತೆಗೆದಿಡಿ. ಮಾಡ್ಯೂಲ್‌ಗಳ ಸಾಲನ್ನು ಎರಡೂ ಕೊನೆಯಿಂದ ಅದುಮುವ ತಗಡುಗಳು ಬಿಗಿಯಾಗಿ ಹಿಡಿಯದಿದ್ದರೆ ಚಾರ್ಜ್ ಆಗುವಾಗ ಮಾಡ್ಯೂಲ್ ಊದಿಕೊಳ್ಳುತ್ತದೆ.

ಪ್ರಶ್ನೆ: ಎಲ್ಲ ಜೋಡಿಸಿದೆವು, ಆದರೆ ಕಾರು ಓಡಲು ಸಿದ್ಧ ಎಂದು ತೋರಿಸುವ ‘ರೆಡಿ’ ದೀಪವೇ ಹೊತ್ತುವುದಿಲ್ಲ. ಪಿ0ಎ0ಡಿ ಕೋಡ್.

ಉತ್ತರ: ಸರ್ವಿಸ್ ಪ್ಲಗ್ ಪೂರ್ತಿ ಕೂತಿಲ್ಲ. ಒಳಗೆ ತಳ್ಳಿ ಹಿಡಿಯನ್ನು ಮೇಲಕ್ಕೆ ಮಡಚಿದರೆ ಮುಗಿಯಿತು ಎಂದುಕೊಳ್ಳುತ್ತಾರೆ. ಮೂರನೆಯ ಚಲನೆಯೂ ಇದೆ: ಹಿಡಿಯನ್ನು ಕೆಳಕ್ಕೆ ಜಾರಿಸಿ ಕಟ್ ಎನ್ನುವಂತೆ ಬೀಗ ಹಾಕಬೇಕು. ಆಮೇಲೆ ಕೋಡ್ ಅಳಿಸಿ.

ಪ್ರಶ್ನೆ: ಲಿಥಿಯಂ ಬದಲಿ ಹಾಕಬಹುದೇ?

ಉತ್ತರ: ಹಾಕಬಹುದು, ತೂಕವೂ ಕಡಿಮೆ. ಆದರೆ ಕಾರಿನ ಕಂಪ್ಯೂಟರ್ ನಿಕಲ್ ಸೆಲ್‌ಗಳ ನಡತೆಗೆ ತಕ್ಕಂತೆ ಬರೆದದ್ದು. 14 ಬ್ಲಾಕ್‌ಗಳ ತಂತಿಗೂ ಸರಿಯಾದ ಸಂಪರ್ಕ ಕೊಡುವ, ಸೆಲ್‌ಗಳನ್ನು ಸಮತೂಕದಲ್ಲಿಡುವ ವ್ಯವಸ್ಥೆ ಕಿಟ್‌ನಲ್ಲಿರಲೇಬೇಕು. ಸೊನ್ನೆ ಡಿಗ್ರಿಗಿಂತ ಕೆಳಗೆ ಚಾರ್ಜ್ ಮಾಡಿದರೆ ಲಿಥಿಯಂ ಸೆಲ್‌ಗೆ ಹಾನಿ, ಅದಕ್ಕೆ ರಕ್ಷಣೆ ಇದೆಯೇ ಕೇಳಿ. ಉತ್ತರ ಸ್ಪಷ್ಟವಿಲ್ಲದಿದ್ದರೆ ನಿಕಲ್‌ಗೇ ನಿಲ್ಲಿ.

ಪ್ರಶ್ನೆ: ಹೊಸ ಬ್ಯಾಟರಿ ಬೇಗ ಹಾಳಾಗದಂತೆ ಏನು ಮಾಡಬೇಕು? ಹಳೆಯದನ್ನು ಏನು ಮಾಡುವುದು?

ಉತ್ತರ: ಹಳೆಯದು ಸತ್ತದ್ದಕ್ಕೆ ಕಾರಣ ಹುಡುಕಿ. ಬ್ಯಾಟರಿ ತಂಪಾಗುವುದು ಹಿಂದಿನ ಸೀಟಿನ ಪಕ್ಕದ ಗಾಳಿಕಂಡಿಯಿಂದ. ಅದರಾಚೆಯ ಫ್ಯಾನ್ ಬಿಚ್ಚಿದರೆ ಚಕ್ರದ ಎಲೆಗಳ ಸಂದಿನಲ್ಲಿ ಕೂದಲು, ನೂಲು, ಧೂಳು ಕಂಬಳಿಯಂತೆ ಮೆತ್ತಿಕೊಂಡಿರುತ್ತದೆ. ಬ್ಯಾಟರಿ ಹೊರಗಿರುವಾಗಲೇ ಫ್ಯಾನನ್ನು ಬ್ರಷ್‌ನಿಂದ ಶುಚಿ ಮಾಡಿ, ಕಂಡಿಯ ಮುಂದೆ ಬಟ್ಟೆಬರೆ ಇಡಬೇಡಿ. ವರ್ಷಕ್ಕೊಮ್ಮೆ ಮತ್ತೆ ನೋಡಿ. ಪೆಟ್ರೋಲ್ ಮುಗಿದ ಮೇಲೂ ಬ್ಯಾಟರಿಯ ಮೇಲೆ ಕಾರು ಓಡಿಸಬೇಡಿ.

ಹಳೆಯದನ್ನು ಗುಜರಿಗೆ ಹಾಕಬೇಡಿ. ಒಳಗಿನ ದ್ರವ ಪೊಟ್ಯಾಸಿಯಂ ಹೈಡ್ರಾಕ್ಸೈಡ್, ಚರ್ಮವನ್ನು ಸುಡುತ್ತದೆ. ಸೋರಿಕೆ ಕಂಡರೆ ದುರ್ಬಲ ವಿನೆಗರ್ ಒದ್ದೆ ಮಾಡಿದ ಬಟ್ಟೆಯಿಂದ ಒರೆಸಿ. ತುದಿಗಳಿಗೆಲ್ಲ ಇನ್ಸುಲೇಷನ್ ಟೇಪ್ ಸುತ್ತಿ ಹೊಸದನ್ನು ಮಾರಿದವರಿಗೇ ಮರಳಿಸಿ. ನಿಕಲ್‌ಗೆ ಬೆಲೆಯಿರುವುದರಿಂದ ಹಲವರು ಅದಕ್ಕೆಂದೇ ಠೇವಣಿ ಹಿಡಿದಿಟ್ಟಿರುತ್ತಾರೆ, ಹಳೆಯದು ಕೈಸೇರಿದ ಮೇಲೆ ಆ ಹಣ ನಿಮಗೆ ಬರಬೇಕು.